ಶಾಲೆ ಮುಗಿಸಿದ ತರುಣರೂ ಕಸಬಿನ ಶಿಕ್ಷಣವೂ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗಳ ಫಲಿತಾಂಶಗಳು ಪ್ರಕಟವಾದೊಡನೆ ನಮ್ಮ ನಾಡಿನ ಲಕ್ಷಾವಧಿ ಮನೆಗಳಲ್ಲಿ ಒಂದೇ ಪ್ರಶ್ನೆಯು ತಲೆಯೆತ್ತುವುದು: ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು? ಕಾಲೇಜಿಗೇ ಸೇರಿಸಬೇಕೇ ಎಂದು ಕೇಳುವವರು ವಿರಳ. ಕೇಳಿದವನನ್ನು ಮಕ್ಕಳ ಏಳಿಗೆಯನ್ನು ಬಯಸದ ತಂದೆಯೆಂದು ನೆರೆಹೊರೆಯವರು ಬಗೆಯುವರು. ಪದವಿಯ ಮೇಲಣ ಈ ಮೋಹವು ಅಕಾರಣವಾಗಿ ಹುಟ್ಟಿದುದಲ್ಲವೆಂಬುದನ್ನು ನಾವು ಬಲ್ಲೆವು. ಹೊಲ ಒತ್ತೆಯಿಟ್ಟು ಮಗನನ್ನು ಓದಿಸಿದ ರೈತನಿಗೆ ಪದವಿಯೆಂದರೆ ಮಳೆಯನ್ನು ನಂಬದ ಸಂಬಳ. ತಲೆತಲಾಂತರದಿಂದ ಹೆರವರ ಕೈಗೆಲಸವನ್ನೇ ಮಾಡಿಕೊಂಡು ಬಂದ ಮನೆತನಕ್ಕೆ ಅದು ಆ ಕೆಲಸದಿಂದ ಬಿಡುಗಡೆ. ಕೈಗೆ ಎಣ್ಣೆಯ ಮಸಿ ತಾಗದ ನಮ್ಮಂಥ ವಕೀಲರೂ ಅಧ್ಯಾಪಕರೂ ಅವರಿಗೆ ಕಸಬಿನ ಮಹಿಮೆಯನ್ನು ಬೋಧಿಸಹೊರಟರೆ, ನಿಮ್ಮ ಮಗನನ್ನು ಎಲ್ಲಿಗೆ ಕಳಿಸಿರುವಿರಿ ಎಂದು ಅವರು ಮರುಪ್ರಶ್ನೆ ಹಾಕುವುದು ನ್ಯಾಯವೇ ಆಗಿದೆ.

ಆದರೂ ಪದವಿಯು ಇತ್ತ ಮಾತನ್ನು ನಡೆಯಿಸಿಕೊಟ್ಟಿದೆಯೇ ಎಂಬುದನ್ನು ನೋಡಬೇಕಷ್ಟೆ. ಕೇಂದ್ರ ಸರಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2022-23ರಲ್ಲಿ ಇಡೀ ದೇಶದ ನಿರುದ್ಯೋಗದ ಪ್ರಮಾಣವು ನೂರಕ್ಕೆ 3.2 ಇದ್ದರೆ, ಪದವೀಧರರಲ್ಲಿ ಅದು 13.4 ಇದ್ದಿತು. ಓದು ಹೆಚ್ಚಿದಂತೆ ಕೆಲಸವಿಲ್ಲದಿರುವಿಕೆಯೂ ಹೆಚ್ಚುವ ವಿಚಿತ್ರವನ್ನು ನಾವು ನೋಡುತ್ತಿದ್ದೇವೆ. ಬಡವನು ನಿರುದ್ಯೋಗಿಯಾಗಿ ಕುಳಿತಿರಲಾರನು, ಸಿಕ್ಕ ಕೂಲಿಗೆ ಹೋಗುವನು, ಪದವೀಧರನು ಕಾಯುವನು ಎಂಬ ಸಮಾಧಾನವುಂಟು. ಅದು ನಿಜವೇ. ಆದರೆ ಯಾರ ಅನ್ನವನ್ನು ಉಂಡು ಕಾಯುವನು? ಹೊಲ ಒತ್ತೆಯಿಟ್ಟ ಅದೇ ತಂದೆಯ ಅನ್ನವನ್ನು.

ಇಂಥ ಸ್ಥಿತಿಯಲ್ಲಿ ಅಪ್ರೆಂಟಿಸ್ ಕಾಯಿದೆಯ ಕಡೆಗೆ ನಮ್ಮ ವಾಚಕರ ಲಕ್ಷ್ಯವನ್ನು ಸೆಳೆಯಲಿಚ್ಛಿಸುತ್ತೇವೆ. ಸರಕಾರದವರು ಅಪ್ರೆಂಟಿಸನಿಗೆ 'ಶಿಶಿಕ್ಷು' ಎಂದು ಹೆಸರಿಟ್ಟಿದ್ದಾರೆ. ಆ ಶಬ್ದವನ್ನು ಉಚ್ಚರಿಸಲು ಕಲಿಯುವುದೇ ಒಂದು ತರಬೇತಿಯಾಗುವುದರಿಂದ ನಾವು ಜನರ ಮಾತನ್ನೇ ಬಳಸುವೆವು. ಈ ಕಾಯಿದೆಯು 1961ರದು. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಿಬ್ಬಂದಿಯ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು 2019ರ ನಿಯಮಗಳು ವಿಧಿಸಿದವು. ಅದೇ ನಿಯಮಗಳು ಮಾಸಿಕ ವೇತನವನ್ನು ವಿದ್ಯಾರ್ಹತೆಗೆ ತಕ್ಕಂತೆ ಕನಿಷ್ಠ 5,000ದಿಂದ 9,000 ರೂಪಾಯಿಗಳವರೆಗೆ ಗೊತ್ತುಪಡಿಸಿದವು. ವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ತಾನು ಭರಿಸುವುದಾಗಿ ಕೇಂದ್ರ ಸರಕಾರವು 2016ರ ಯೋಜನೆಯಲ್ಲಿ ಒಪ್ಪಿಕೊಂಡಿತು. ಕಾಲೇಜಿಗೆ ಫೀ ಕಟ್ಟಿ ಕಲಿಯುವುದಕ್ಕೂ ಅಲ್ಪವಾದರೂ ಕೈಗೆ ಹಣ ಪಡೆದು ಕಲಿಯುವುದಕ್ಕೂ ಇರುವ ಅಂತರವನ್ನು ಬಡಮನೆಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬಡವರ ಮಕ್ಕಳಿಗೆ ಸುತ್ತಿಗೆ, ಉಳ್ಳವರ ಮಕ್ಕಳಿಗೆ ಪದವಿ ಎಂಬುದು ಹಳೆಯ ಜಾತಿಕಟ್ಟಿನ ಹೊಸ ರೂಪವಲ್ಲವೇ ಎಂಬುದೇ ಆ ಆಕ್ಷೇಪ. ಇದನ್ನು ನಾವು ಹಗುರಾಗಿ ಎಣಿಸಲಾರೆವು. 1953ರಲ್ಲಿ ರಾಜಾಜಿಯವರು ಮದರಾಸು ಪ್ರಾಂತದಲ್ಲಿ ಎಳೆಯ ಮಕ್ಕಳು ಅರ್ಧದಿನ ಶಾಲೆಯಲ್ಲಿಯೂ ಉಳಿದ ಹೊತ್ತು ತಂದೆತಾಯಿಗಳ ಕಸಬಿನಲ್ಲಿಯೂ ಇರಲೆಂದು ಯೋಜನೆ ಮಾಡಿದಾಗ ಅದು ಕುಲಕಸಬಿನ ಶಿಕ್ಷಣವೆಂದು ಜನರು ಕೆರಳಿ ನಿಂತರು. ಮರುವರ್ಷ ಅವರು ಅಧಿಕಾರ ಬಿಟ್ಟರು, ಯೋಜನೆಯೂ ಹೋಯಿತು. ಜನರ ಸಿಟ್ಟು ಸರಿಯಾಗಿಯೇ ಇದ್ದಿತೆಂದು ನಮ್ಮ ಅಭಿಪ್ರಾಯ. ಆದರೆ ತಂದೆಯ ಕಸಬಿಗೆ ಮಗನನ್ನು ಕಟ್ಟಿಹಾಕುವುದು ಬೇರೆ. ಕುಂಬಾರನ ಮಗನು ಟರ್ನರನಾಗುವುದು, ಶಾನುಭೋಗರ ಮೊಮ್ಮಗಳು ಎಲೆಕ್ಟ್ರಿಶಿಯನ್ ಆಗುವುದು ಬೇರೆ. ಮೇಲಾಗಿ ಈ ಹಾದಿಯ ಕೊನೆಗೆ ಗೋಡೆಯಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಬಹುದಾಗಿದೆ. ಈ ಸಂಗತಿಯು ಎಷ್ಟು ಮಂದಿ ಪಾಲಕರಿಗೆ ಗೊತ್ತಿದೆ?

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ವಿಶ್ವವಿದ್ಯಾಲಯದ ಪದವೀಧರರಾಗಿರಲಿಲ್ಲ. ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನವರೆಗೆ ನಡೆದರು. ಆದರೆ ಅಸಾಮಾನ್ಯನೊಬ್ಬನ ಹೆಸರನ್ನು ಹೇಳಿ ಸಾವಿರ ಹುಡುಗರನ್ನು ಕಾರಖಾನೆಗೆ ಅಟ್ಟುವುದು ಸಲ್ಲದು. ಸಾಮಾನ್ಯ ಹುಡುಗನಿಗೆ ಕಾಯಿದೆಯು ಏನನ್ನು ಕೊಡುವುದೆಂಬುದೇ ಮುಖ್ಯ.

ಆ ದೃಷ್ಟಿಯಿಂದ ನೋಡಿದರೆ ಕಾಯಿದೆಯ ಹೊಲಿಗೆ ಕೆಲವೆಡೆ ಸಡಿಲವಾಗಿದೆ. ಅದರ 18ನೆಯ ಕಲಮಿನ ಮೇರೆಗೆ ಅಪ್ರೆಂಟಿಸನು ಕಲಿಯುವವನು, ಕೆಲಸಗಾರನಲ್ಲ. ಕಾರ್ಮಿಕರ ಕಾನೂನುಗಳು ಅವನಿಗೆ ಅನ್ವಯಿಸವು. ಕಲಿಕೆ ಮುಗಿದ ಬಳಿಕ ಕೆಲಸ ಕೊಡುವ ಕಟ್ಟಳೆಯೂ ಮಾಲೀಕನಿಗಿಲ್ಲ. ನಿಜವಾಗಿ ಕಲಿಸುವವನಿಗೆ ಈ ರಿಯಾಯತಿ ಯೋಗ್ಯವೇ. ಆದರೆ ಕಲಿಸದೆ, ಒಂದೇ ಯಂತ್ರದ ಮುಂದೆ ವರ್ಷವಿಡೀ ನಿಲ್ಲಿಸಿ, ಖಾಯಂ ಕೆಲಸಗಾರನ ಕೆಲಸವನ್ನು ಅರೆಸಂಬಳಕ್ಕೆ ಮಾಡಿಸಿಕೊಂಡು, ಅವಧಿ ತೀರಿದ ಮರುದಿನ ಬೇರೊಬ್ಬನನ್ನು ತಂದು ನಿಲ್ಲಿಸುವವನಿಗೆ ಇದು ಕಾನೂನೇ ತೆರೆದಿಟ್ಟ ಹಿಂಬಾಗಿಲು. ಅಪ್ರೆಂಟಿಸರನ್ನು ತೆಗೆದುಕೊಳ್ಳದವರಿಗೆ 2014ರ ತಿದ್ದುಪಡಿಯು ವಿಧಿಸಿದ ದಂಡವಾದರೂ ಎಷ್ಟು? ಕೊರತೆಯಾದ ಒಬ್ಬೊಬ್ಬನಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ 1,000. ವೇತನಕ್ಕಿಂತ ದಂಡವೇ ಅಗ್ಗವಾದಲ್ಲಿ ಲೆಕ್ಕ ಬಲ್ಲ ಮಾಲೀಕನು ಯಾವುದನ್ನು ಆರಿಸುವನೆಂಬುದು ಸ್ಪಷ್ಟ.

1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಉಳಿದೆಲ್ಲವೂ ಸಮಾನವಾಗಿರುವಾಗ ತರಬೇತಿ ಹೊಂದಿದ ಅಪ್ರೆಂಟಿಸನಿಗೆ ನೇಮಕದಲ್ಲಿ ಪ್ರಾಶಸ್ತ್ಯವಿರಬೇಕೆಂದು ಹೇಳಿತು. ಇದನ್ನು ಖಾಸಗಿ ಕಾರಖಾನೆಗಳಿಗೂ ಅನ್ವಯಿಸುವ ಸ್ಪಷ್ಟ ಕಲಮೊಂದು ಕಾಯಿದೆಯಲ್ಲಿಯೇ ಇರಬೇಕು. ದಂಡವು ವೇತನವನ್ನು ಮೀರಿರಬೇಕು. ಜರ್ಮನಿಯಲ್ಲಿ ಹುಡುಗನು ವಾರದಲ್ಲಿ ಒಂದೆರಡು ದಿನ ಕಸಬಿನ ಶಾಲೆಯಲ್ಲಿದ್ದು ಉಳಿದ ದಿನ ಕಾರ್ಯಾಗಾರದಲ್ಲಿ ಕಲಿಯುವ ಪದ್ಧತಿಯನ್ನು ನಮ್ಮ ಮಂತ್ರಿಗಳು ಆಗಾಗ್ಗೆ ಹೊಗಳುವರು. ಅಲ್ಲಿ ಪರೀಕ್ಷೆ ನಡೆಯಿಸುವ ಹೊಣೆಯನ್ನು ವಾಣಿಜ್ಯ ಮಂಡಲಗಳೇ ಹೊತ್ತಿವೆಯೆಂಬುದನ್ನು ಅವರು ಜತೆಗೇ ಹೇಳಿದರೆ ಒಳ್ಳಿತು.

ಗೌರವದ ಪ್ರಶ್ನೆಯೂ ಉಂಟು. ಚಾರ್ಟರ್ಡ್ ಅಕೌಂಟೆಂಟನಾಗುವವನು ಹಿರಿಯರ ಆಫೀಸಿನಲ್ಲಿ ವರ್ಷಗಟ್ಟಲೆ ಆರ್ಟಿಕಲ್‌ಶಿಪ್ ಮಾಡುವನು. ಅದನ್ನು ಯಾರೂ ಕೀಳೆನ್ನರು. ನಮ್ಮ ವಕೀಲಿಯಲ್ಲಿಯೂ ಕಾಲೇಜು ಕಲಿಸುವುದು ಕಾನೂನನ್ನು. ಸಾಕ್ಷಿಯನ್ನು ಪ್ರಶ್ನಿಸುವುದನ್ನು ಕಲಿಸುವುದು ಹಿರಿಯ ವಕೀಲರ ಕಚೇರಿ. ಕರಿಕೋಟಿನವನು ಮಾಡಿದರೆ ವಿದ್ಯೆ, ನೀಲಿ ಅಂಗಿಯವನು ಮಾಡಿದರೆ ಕೂಲಿ ಎಂಬ ಭೇದವನ್ನು ನಮ್ಮ ಸುಶಿಕ್ಷಿತ ವರ್ಗವೇ ಕಲ್ಪಿಸಿದೆ.

ಊರೂರಿನ ಹೈಸ್ಕೂಲು ಅಧ್ಯಾಪಕರಲ್ಲಿ ನಮ್ಮದೊಂದು ವಿನಂತಿ. ಅಪ್ರೆಂಟಿಸನು ಅಪ್ರಾಪ್ತವಯಸ್ಕನಾಗಿದ್ದರೆ ಅವನ ಪರವಾಗಿ ಕರಾರಿಗೆ ಸಹಿ ಮಾಡುವವನು ತಂದೆ ಅಥವಾ ಪಾಲಕ. ಯಾವ ಕಸಬು, ಎಷ್ಟು ಕಾಲ, ಯಾರು ಕಲಿಸುವರು, ಮಾಲೀಕನ ತಪ್ಪಿನಿಂದ ಕರಾರು ಮುರಿದರೆ ಪರಿಹಾರವೇನು ಎಂಬುದೆಲ್ಲವನ್ನೂ ಅವನು ಸಹಿಗೆ ಮುಂಚೆ ತಿಳಿಯಬೇಕು. ಇಂಗ್ಲಿಷಿನ ಕಾಗದದ ಮೇಲೆ ಹೆಬ್ಬೆಟ್ಟೊತ್ತಿ ಮಗನ ಎರಡು ವರ್ಷಗಳನ್ನು ಒಪ್ಪಿಸಿಕೊಡುವುದು ಯಾವ ಬಗೆಯ ಒಪ್ಪಂದ? ಕರಾರಿನ ಕನ್ನಡ ಪ್ರತಿಯನ್ನು ಕೊಡುವುದು ಕಡ್ಡಾಯವೆಂದು ರಾಜ್ಯ ಸರಕಾರವು ಆಜ್ಞೆ ಹೊರಡಿಸಲಿ. ಆ ತನಕ ಅಧ್ಯಾಪಕರು ಫಲಿತಾಂಶದ ವಾರದಲ್ಲಿ ಒಂದು ಸಂಜೆ ಪಾಲಕರನ್ನು ಶಾಲೆಗೆ ಕರೆದು ಆ ಕಾಗದವನ್ನು ಕಲಮು ಕಲಮಾಗಿ ಓದಿ ಹೇಳಲಿ.