ಪಾಯಸ: ಊಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದಲ್ಲಿ ಓದುತ್ತಿರುವ ನಾನು ಬಿಡುವಿನ ವೇಳೆ ವಿಶ್ವವಿದ್ಯಾಲಯದ ಡೇ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ವಾರದ ಮೆನು ಬರೆಯಲು ಅಡುಗೆಯವರಿಗೆ ನೆರವಾಗುವುದು ನನ್ನ ಪಾಲಿನ ಕೆಲಸ. ಕೇಳಲು ಸುಲಭ. ಆದರೆ ಈ ಊಟಕ್ಕೆ 'ಚೈಲ್ಡ್ ಅಂಡ್ ಅಡಲ್ಟ್ ಕೇರ್ ಫುಡ್ ಪ್ರೋಗ್ರಾಂ' ಎಂಬ ಸರ್ಕಾರಿ ಯೋಜನೆಯಿಂದ ಹಣ ಬರುತ್ತದೆ. ಆ ಹಣ ಬೇಕೆಂದರೆ ಮಕ್ಕಳ ತಟ್ಟೆಯಲ್ಲಿರುವುದು ಕೃಷಿ ಇಲಾಖೆಯ ನಿಯಮಕ್ಕೆ ಹೊಂದಬೇಕು.

ಆ ನಿಯಮಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಸಿಹಿತಿಂಡಿಯದ್ದು. 2017ರ ಅಕ್ಟೋಬರ್‌ನಿಂದ ಕೇಕ್, ಕುಕೀಸ್, ಡೋನಟ್, ಗ್ರಾನೋಲಾ ಬಾರ್‌ಗಳನ್ನು 'ಧಾನ್ಯ' ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಗೋಧಿಯಿಂದ ಮಾಡಿದ್ದಿರಲಿ, ಅಲ್ಲೇ ಅಡುಗೆಮನೆಯಲ್ಲಿ ಮಾಡಿದ್ದಿರಲಿ, ಸಿಹಿ ಸಿಹಿಯೇ. ಹಾಗಂತ ಇದು ನಿಷೇಧವಲ್ಲ. ಕೊಡುವುದಾದರೆ ಕೊಡಿ, ದುಡ್ಡು ನಿಮ್ಮದು. ಅದನ್ನು ಬಿಟ್ಟೂ ತಟ್ಟೆ ಪೂರ್ತಿಯಾಗಿರಬೇಕು ಅಷ್ಟೇ. ಸ್ನ್ಯಾಕ್ಸ್ ಎಂದರೆ ಹಾಲು, ಹಣ್ಣು, ತರಕಾರಿ, ಧಾನ್ಯ, ಪ್ರೋಟೀನ್ ಈ ಐದರಲ್ಲಿ ಎರಡು. ಹಾಲಿನ ಜೊತೆ ಕುಕೀ ಇಟ್ಟು ಕೈತೊಳೆದುಕೊಳ್ಳುವ ಕಾಲ ಹೋಯಿತು. ಮಕ್ಕಳಿಗೆ ಸಿಹಿಯೇ ಕೂಡದು ಎಂದು ಉಪದೇಶ ಮಾಡುವುದಕ್ಕಿಂತ ಇದು ಜಾಣತನ ಎಂದೇ ನನ್ನ ಅಭಿಪ್ರಾಯ.

ತಕರಾರು ಇರುವುದು ಪಟ್ಟಿಯ ಬಗ್ಗೆ. ಸಿಹಿ ಯಾವುದು ಎಂದು ತೀರ್ಮಾನಿಸುವುದು ಸಕ್ಕರೆಯ ಗ್ರಾಂ ಅಲ್ಲ, ತಿನಿಸಿನ ಹೆಸರು. ಸಿಹಿ ರೈಸ್ ಪುಡಿಂಗ್, ಅಂದರೆ ನಮ್ಮ ಅಕ್ಕಿ ಪಾಯಸ, ಲೆಕ್ಕಕ್ಕಿಲ್ಲ. ಬೆಲ್ಲ ಕಡಿಮೆ ಹಾಕಿದರೂ ಇಲ್ಲ. ಮಫಿನ್, ಪ್ಯಾನ್‌ಕೇಕ್, ಪ್ರಾಣಿಗಳ ಆಕಾರದ ಸಿಹಿ ಬಿಸ್ಕತ್ತು ಮಾತ್ರ ಸಲೀಸಾಗಿ ಧಾನ್ಯದ ಸಾಲಿಗೆ ಸೇರುತ್ತವೆ! ಮಫಿನ್ ತಿಂದು ಬೆಳೆದವರಿಗೆ ಅದು ಬೆಳಗಿನ ತಿಂಡಿ, ಸಿಹಿ ಅನ್ನ ಮಾತ್ರ ಊಟದ ಕೊನೆಯ ಡೆಸರ್ಟ್. ಪಟ್ಟಿ ಬರೆದವರ ಮನೆಯ ಅಡುಗೆ ಪಟ್ಟಿಯೊಳಗೂ ಬಂದು ಕೂತಿದೆ ಎನ್ನದೆ ವಿಧಿಯಿಲ್ಲ.

ಪ್ರತಿಯೊಂದಕ್ಕೂ ತಕ್ಕಡಿ ಹಿಡಿದು ಕೂರಲು ಸಣ್ಣ ಕೇಂದ್ರದ ಅಡುಗೆಯವರಿಗೆ ಪುರುಸೊತ್ತಿಲ್ಲ, ಹೆಸರಿನ ಪಟ್ಟಿಯೇ ಸುಲಭ ಎನ್ನಬಹುದು. ನಿಜ. ಆದರೆ ಮೊಸರಿಗೆ ಇದೇ ಇಲಾಖೆ ಗ್ರಾಂ ಲೆಕ್ಕ ಇಟ್ಟಿದೆಯಲ್ಲ? ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೊಸರಿನಲ್ಲಿ ಸೇರಿಸಿದ ಸಕ್ಕರೆ 12 ಗ್ರಾಂ ಮೀರುವಂತಿಲ್ಲ. ಅಂಗಡಿಯಿಂದ ತರುವ ಮಫಿನ್ ಪೊಟ್ಟಣದ ಮೇಲೂ ಸಕ್ಕರೆಯ ಅಂಕಿ ಅಚ್ಚಾಗಿರುತ್ತದೆ. ಕನಿಷ್ಠ ಅದಕ್ಕಾದರೂ ಮಿತಿ ಹಾಕಲು ಏನು ಕಷ್ಟ?

ಪಾಯಸದ ಪರ ವಾದಿಸುತ್ತಿದ್ದೇನೆಂದು ಊರಿನವರು ಹಿಗ್ಗಬೇಕಿಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅಮ್ಮ, 'ಬೆಲ್ಲ ತಾನೇ, ಏನೂ ಆಗಲ್ಲ ಬಿಡೇ' ಅಂದರು. ಇಲ್ಲಿನ ಲೇಬಲ್‌ಗೆ ಅಂಥ ದಾಕ್ಷಿಣ್ಯವಿಲ್ಲ, ತಿನಿಸಿಗೆ ಹಾಕಿದ ಬೆಲ್ಲವೂ ಜೇನುತುಪ್ಪವೂ ಸೇರಿಸಿದ ಸಕ್ಕರೆಯೇ. ಇನ್ನು ನಮ್ಮಲ್ಲಿ ಬಿಸ್ಕತ್ತಿನ ಕಥೆ ಕೇಳಲೇಬೇಡಿ. ಅಕ್ಕನ ಮಗ ಸಂಜೆ ಹಾಲಿಗೆ ನಾಲ್ಕು ಕ್ರೀಂ ಬಿಸ್ಕತ್ತು ಅದ್ದಿ ತಿಂದರೆ 'ತಿಂಡಿ ಆಯ್ತು' ಎನ್ನುತ್ತಾರೆ. ಯಾರ ಲೆಕ್ಕದಲ್ಲಿ ಆಯ್ತು? ಬಿಸ್ಕತ್ತು ಕಸಿದುಕೊಳ್ಳಿ ಎಂದು ನಾನು ಅಕ್ಕನಿಗೆ ಹೇಳಿಲ್ಲ. ಅದನ್ನು ತಿಂಡಿ ಎಂದು ಎಣಿಸದೆ, ಮೊದಲು ಒಂದು ಬಾಳೆಹಣ್ಣೋ ಅರ್ಧ ಚಪಾತಿಯೋ ಕೊಡು ಎಂದಿದ್ದೇನೆ.

ಡೇ ಕೇರ್‌ನಲ್ಲಿ ಯುಗಾದಿ ದಿನದ ಸ್ನ್ಯಾಕ್ಸ್ ಬರೆದಾಗಿದೆ: ಹಾಲು, ಬಾಳೆಹಣ್ಣು. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಪಾಯಸ, ಖರ್ಚು ಕೇಂದ್ರದ್ದು.