ಮಕ್ಕಳ ಕೈಗೆ ಎಂಥ ಜೀವನಚರಿತ್ರೆ?

ಬಟವಾಡೆಯ ಮಾರನೆಯ ದಿನ ಗಿರಣಿಯ ಕೆಲಸಗಾರರೊಬ್ಬರು ನಮ್ಮ ಕಛೇರಿಗೆ ಬಂದಿದ್ದರು. ಚಂದಾ ಹಣ ಕೊಟ್ಟು, ಕೈಚೀಲದಿಂದ ಎರಡು ಸಣ್ಣ ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡೂ ಮಕ್ಕಳಿಗಾಗಿ ಬರೆದ ಮಹಾಪುರುಷರ ಜೀವನಚರಿತ್ರೆಗಳು. ಐದನೆಯ ತರಗತಿಯಲ್ಲಿ ಓದುವ ಮಗಳಿಗೆಂದು ಸಂತೆಯಲ್ಲಿ ಕೊಂಡವು. "ಎರಡನ್ನೂ ಓದಿಬಿಟ್ಟಳು. 'ಅಪ್ಪಾ, ಇವರಿಬ್ಬರೂ ಬೀದಿ ದೀಪದ ಕೆಳಗೇ ಓದಿದರಂತೆ. ಯಾವ ಪುಸ್ತಕ ನಿಜ?' ಅಂತ ಕೇಳ್ತಾಳೆ. ನಾನೇನು ಹೇಳಲಿ, ನೀವೇ ಹೇಳ್ರಿ" ಎಂದರು.

ತಕ್ಷಣ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಬೋನಸ್ಸು, ತುಟ್ಟಿಭತ್ಯ, ಸಂತೆಯ ಸುಂಕ, ದಿನಸಿಯ ಬೆಲೆ, ಇವುಗಳ ಬಗ್ಗೆ ವಾರ ವಾರವೂ ಬರೆಯುವ ನಾವು, ನಮ್ಮ ಓದುಗರ ಮನೆಯ ಮಕ್ಕಳು ಏನು ಓದುತ್ತಿದ್ದಾರೆಂದು ವಿಚಾರಿಸಿದ್ದು ಕಡಿಮೆ. ಅಂಗಡಿಕಾರ ಬಂಧುಗಳು ಬೇಳೆಯ ಮೂಟೆ ಬಿಚ್ಚಿ, ಒಂದು ಹಿಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡದೆ ಮಾಲು ಇಳಿಸಿಕೊಳ್ಳುವುದಿಲ್ಲ. ನೂಲುವ ಖಾತೆಯ ಕೆಲಸಗಾರರು ಎಳೆಯನ್ನು ಬೆರಳಲ್ಲಿ ಹಿಡಿದೇ ಹತ್ತಿಯ ಗುಣ ಹೇಳುತ್ತಾರೆ. ಮಕ್ಕಳ ಪುಸ್ತಕದ ವಿಷಯದಲ್ಲಿ ಮಾತ್ರ ನಾವೆಲ್ಲರೂ ರಕ್ಷಾಪುಟದ ಚಿತ್ರ ನೋಡಿ, ಬೆಲೆ ಕೇಳಿ, ಕೊಂಡು ಬರುತ್ತೇವೆ. ದೊಡ್ಡವರ ಕಥೆಯಲ್ಲವೇ, ಓದಿದರೆ ಒಳ್ಳೆಯದೇ ಆದೀತು ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯನ್ನು ಒಮ್ಮೆ ತೂಗಿ ನೋಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಮೊದಲು ಋಣವನ್ನು ಒಪ್ಪಿಕೊಳ್ಳೋಣ. 1957ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸ್ಥಾಪನೆಯಾದವು. 1967ರಲ್ಲಿ ಅಮರ ಚಿತ್ರಕಥೆ ಆರಂಭವಾಯಿತು. 1970ರ ದಶಕದಿಂದ ಭಾರತ-ಭಾರತಿ ಪುಸ್ತಕ ಸಂಪದದ ಕಿರುಪುಸ್ತಕಗಳು ಕನ್ನಡ ನಾಡಿನ ಶಾಲೆಗಳಿಗೆ ಹೋದವು. ಪಂಚಾಂಗದ ಹೊರತು ಬೇರೆ ಪುಸ್ತಕವಿಲ್ಲದ ಮನೆಗಳಿಗೂ ಕಡಿಮೆ ಬೆಲೆಯಲ್ಲಿ ಚರಿತ್ರೆಯನ್ನು ಮುಟ್ಟಿಸಿದ ಕೆಲಸ ಸಣ್ಣದಲ್ಲ. ಇಂಥ ಪುಸ್ತಕಗಳನ್ನು ಓದಿಯೇ ನಮ್ಮಲ್ಲಿ ಅನೇಕರು ಓದುವ ರುಚಿ ಹತ್ತಿಸಿಕೊಂಡೆವು. ಆದುದರಿಂದ ಈ ಜಾತಿಯ ಪುಸ್ತಕವೇ ಬೇಡವೆಂದು ನಾವು ಹೇಳುತ್ತಿಲ್ಲ. ಯಾವುದು ಕಾಳು, ಯಾವುದು ಜೊಳ್ಳು ಎಂದು ಕೇಳುತ್ತಿದ್ದೇವೆ.

ಬೀದಿ ದೀಪದ ಮಾತನ್ನೇ ತೆಗೆದುಕೊಳ್ಳಿ. ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರ ಬಗ್ಗೆ ಈ ಕಥೆ ಇದೆ. ಮದ್ರಾಸು ಹೈಕೋರ್ಟಿನ ನ್ಯಾಯಮೂರ್ತಿ ಮುತ್ತುಸ್ವಾಮಿ ಅಯ್ಯರ್ ಅವರ ಬಗ್ಗೆಯೂ ಇದೆ. ನಮ್ಮ ವಿಶ್ವೇಶ್ವರಯ್ಯನವರ ಬಗ್ಗೆಯೂ ಹೇಳುತ್ತಾರೆ. ಬಡ ಮನೆಯ ಹುಡುಗರು ಬೀದಿಯ ಬೆಳಕಿನಲ್ಲಿ ಓದಿದ್ದರೆ ಆಶ್ಚರ್ಯವೇನಿಲ್ಲ, ಇಂದಿಗೂ ಓದುವವರಿದ್ದಾರೆ. ನಮ್ಮ ತಕರಾರು ಬೇರೆ. ಈ ಪುಸ್ತಕಗಳು ಹುಡುಗನ ಛಲವನ್ನು ಹೊಗಳುತ್ತವೆ. ಮನೆಯಲ್ಲಿ ದೀಪ ಏಕಿರಲಿಲ್ಲ ಎಂದು ಕೇಳುವುದಿಲ್ಲ. ಅದೇ ಬೀದಿಯ ಉಳಿದ ಹತ್ತು ಹುಡುಗರು ಏನಾದರೆಂದು ಹೇಳುವುದಿಲ್ಲ. ಓದುವ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಇಷ್ಟೆ: ಮೇಲೆ ಬಂದವನು ಛಲಗಾರ, ಬಾರದವನು ಸೋಮಾರಿ. ಎರಡು ಪಾಳಿ ದುಡಿದೂ ಸಾಲ ತೀರದ ತನ್ನ ತಂದೆಯನ್ನು ಆ ಮಗು ಯಾವ ಸಾಲಿಗೆ ಸೇರಿಸಬೇಕು?

ಕನ್ನಂಬಾಡಿ ಕಟ್ಟೆಯ ಕಥೆಯನ್ನು ನೋಡೋಣ. ವಿಶ್ವೇಶ್ವರಯ್ಯನವರ ಬುದ್ಧಿಶಕ್ತಿ, ಶಿಸ್ತು, ಪ್ರಾಮಾಣಿಕತೆಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ 1911ರಲ್ಲಿ ಆರಂಭವಾದ ಆ ಕೆಲಸ, 1918ರಲ್ಲಿ ಅವರು ದಿವಾನಗಿರಿ ಬಿಟ್ಟ ಮೇಲೆಯೂ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ ಅದು. ಇಟ್ಟಿಗೆ ಪುಡಿ ಮಾಡಿದವರು, ಸುಣ್ಣ ಅರೆದವರು, ಕಲ್ಲು ಹೊತ್ತವರು ಅಲ್ಲಿದ್ದರು. ಕನ್ನಂಬಾಡಿ ಎಂಬ ಊರೇ ನೀರಿನಡಿ ಹೋಯಿತು. ಅಲ್ಲಿದ್ದವರು ಮನೆ ಬಿಟ್ಟು ಎದ್ದರು. ಮಕ್ಕಳ ಪುಸ್ತಕದಲ್ಲಿ ಇವರಿಗೆ ಒಂದು ಪುಟ ಸಿಗುವುದು ಅಪರೂಪ. ದಿವಾನಗಿರಿ ಬಿಟ್ಟದ್ದಕ್ಕೂ ಕಾರಣವಿತ್ತು. ಹಿಂದುಳಿದ ಜಾತಿಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆಯಲ್ಲಿ ಅವರಿಗೂ ಮಹಾರಾಜರಿಗೂ ಅಭಿಪ್ರಾಯ ಕೂಡಲಿಲ್ಲ. ಈ ವಿಷಯದಲ್ಲಿ ನಾವು ಅವರ ಪಕ್ಷದವರಲ್ಲ. ಆದರೆ ಆ ಭಿನ್ನಾಭಿಪ್ರಾಯವನ್ನು ಹೇಳಿದರೆ ಅವರು ಸಣ್ಣವರಾಗುವುದಿಲ್ಲ. ದೊಡ್ಡವರೂ ವಾದದ ಒಂದು ಕಡೆ ನಿಲ್ಲುತ್ತಾರೆ, ಇನ್ನೊಂದು ಕಡೆಗೂ ಮಾತಿರುತ್ತದೆ ಎಂದು ಮಗು ಕಲಿಯುತ್ತದೆ.

ಗಾಂಧೀಜಿಯವರ ವಿಷಯ ಇನ್ನೂ ಸ್ಪಷ್ಟ. ಮಕ್ಕಳ ಪುಸ್ತಕಗಳಲ್ಲಿ ದಕ್ಷಿಣ ಆಫ್ರಿಕದ ರೈಲು, ದಂಡಿಯ ಉಪ್ಪು, ಚರಕ, ಕೊನೆಗೆ ಗುಂಡು. ಇವುಗಳ ನಡುವೆ 1918ರ ಅಹಮದಾಬಾದು ಗಿರಣಿ ಮುಷ್ಕರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಪ್ಲೇಗು ಬಂದಾಗ ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಮಾಲೀಕರು ಪ್ಲೇಗು ಬೋನಸ್ಸು ಕೊಟ್ಟರು. ಪ್ಲೇಗು ಇಳಿದೊಡನೆ ಅದನ್ನು ಕಿತ್ತುಕೊಂಡರು. ಪದಾರ್ಥಗಳ ಬೆಲೆ ಮಾತ್ರ ಇಳಿಯಲಿಲ್ಲ. ಕೆಲಸಗಾರರ ಬೇಡಿಕೆ ನೂರಕ್ಕೆ 35ರ ಏರಿಕೆ. ಮಾಲೀಕರು ಒಪ್ಪಿದ್ದು 20. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪಕ್ಕದಲ್ಲಿ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಬೆನ್. ಕೆಲಸಗಾರರ ಧೈರ್ಯ ಕುಗ್ಗತೊಡಗಿದಾಗ ಗಾಂಧೀಜಿ ಉಪವಾಸ ಹಿಡಿದರು; ಮೂರು ದಿನಗಳಲ್ಲಿ ಒಪ್ಪಂದವಾಯಿತು. ಅಲ್ಲಿಗೆ ಕಥೆ ಮುಗಿಯಲಿಲ್ಲ. ಮಾಲೀಕರು ತಮಗೆ ಸ್ನೇಹಿತರು, ಆ ಸ್ನೇಹದ ಒತ್ತಡ ಅವರ ಮೇಲೆ ಬಿತ್ತು, ಆದ್ದರಿಂದ ತಮ್ಮ ಉಪವಾಸದಲ್ಲಿ ದೊಡ್ಡ ದೋಷವಿತ್ತು ಎಂದು ಗಾಂಧೀಜಿಯೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಬಾಲ್ಯದಲ್ಲಿ ಅಣ್ಣನ ಕಡಗದ ಚಿನ್ನ ಕದ್ದದ್ದನ್ನೂ ಅವರು ಮುಚ್ಚಿಡಲಿಲ್ಲ. ತನ್ನ ತಪ್ಪನ್ನು ತಾನೇ ಬರೆದಿಟ್ಟ ಮನುಷ್ಯನನ್ನು ತಪ್ಪೇ ಇಲ್ಲದ ವಿಗ್ರಹ ಮಾಡಿ ಮಕ್ಕಳಿಗೆ ಕೊಡುವುದು ಎಂಥ ಗೌರವ?

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಲ್ಯದಲ್ಲಿ ಚೆರ್ರಿ ಗಿಡ ಕಡಿದು, ಸುಳ್ಳಾಡದೆ ತಂದೆಯ ಮುಂದೆ ಒಪ್ಪಿಕೊಂಡ ಕಥೆಯನ್ನು ನಾವೂ ಶಾಲೆಯಲ್ಲಿ ಕೇಳಿದ್ದೇವೆ. ವೀಮ್ಸ್ ಎಂಬ ಪಾದ್ರಿ ವಾಷಿಂಗ್ಟನ್ನರು ಸತ್ತ ಮರುವರ್ಷ, 1800ರಲ್ಲಿ, ಅವರ ಜೀವನಚರಿತ್ರೆ ಪ್ರಕಟಿಸಿದ. 1806ರ ಆವೃತ್ತಿಯಲ್ಲಿ ಈ ಕಥೆಯನ್ನು ಸೇರಿಸಿದ. ಇದಕ್ಕೆ ಬೇರೆ ಆಧಾರವಿಲ್ಲ. ಸುಳ್ಳು ಹೇಳಬಾರದೆಂದು ಕಲಿಸಲು ಕಟ್ಟಿದ ಕಥೆಯೇ ಕಟ್ಟುಕಥೆ. ವಾಷಿಂಗ್ಟನ್ನರ ತೋಟದಲ್ಲಿ ಗುಲಾಮರಿದ್ದ ಮಾತು ಮಾತ್ರ ಮಕ್ಕಳ ಪುಸ್ತಕಕ್ಕೆ ಬರಲು ಬಹಳ ಕಾಲ ಹಿಡಿಯಿತು. 2016ರಲ್ಲಿ ಅಲ್ಲಿ ಒಂದು ಚಿತ್ರಪುಸ್ತಕ ಬಂತು. ವಾಷಿಂಗ್ಟನ್ನರ ಅಡುಗೆಯ ಗುಲಾಮ ಹರ್ಕ್ಯುಲೀಸ್ ಮಗಳೊಂದಿಗೆ ನಗುನಗುತ್ತ ಒಡೆಯನ ಹುಟ್ಟುಹಬ್ಬಕ್ಕೆ ಕೇಕು ಮಾಡುತ್ತಾನೆ. ನಿಜವಾದ ಹರ್ಕ್ಯುಲೀಸ್ 1797ರಲ್ಲಿ ಒಡೆಯನ ಮನೆಯಿಂದ ತಪ್ಪಿಸಿಕೊಂಡು ಓಡಿಹೋದ. ಓದುಗರು ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರು. ಕೊಳ್ಳುವವರು ಬಾಯಿಬಿಟ್ಟರೆ ಮಾಲು ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅದೇ ದೇಶದ ರೋಸಾ ಪಾರ್ಕ್ಸ್ ಅವರ ಕಥೆ ದುಡಿಯುವವರಿಗೆ ಇನ್ನೂ ಹತ್ತಿರದ್ದು. ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಈ ಕರಿಯ ಹೆಣ್ಣುಮಗಳು, 1955ರ ಡಿಸೆಂಬರ್ 1ರಂದು ಮಾಂಟ್‌ಗೊಮೆರಿ ನಗರದ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ. ಪಾಪ, ಕೆಲಸ ಮಾಡಿ ಕಾಲು ಸೋತಿತ್ತು, ಅದಕ್ಕೇ ಏಳಲಿಲ್ಲ ಎಂದು ಎಷ್ಟೋ ಮಕ್ಕಳ ಪುಸ್ತಕಗಳು ಬರೆದವು. ಕಾಲು ಸೋತದ್ದಲ್ಲ, ಬಗ್ಗಿ ಬಗ್ಗಿ ಬೇಸತ್ತದ್ದು ಎಂದು ಆಕೆಯೇ ಮುಂದೆ ತಿದ್ದಿದರು. ಆಕೆ 1943ರಿಂದ ಕರಿಯರ ಹಕ್ಕುಗಳ ಸಂಘದ ಊರಿನ ಶಾಖೆಗೆ ಕಾರ್ಯದರ್ಶಿ. 1955ರ ಮಾರ್ಚಿಯಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿ ಹೀಗೆಯೇ ಸೀಟು ಬಿಡದೆ ಸೆರೆಯಾಗಿದ್ದಳು. ಪಾರ್ಕ್ಸ್ ಅವರ ಬಂಧನವಾದ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ಸಾವಿರಾರು ಕರಪತ್ರಗಳನ್ನು ಕಲ್ಲಚ್ಚಿನಂಥ ಯಂತ್ರದಲ್ಲಿ ತೆಗೆದರು. ರೈಲು ಕೆಲಸಗಾರರ ಸಂಘದ ನಿಕ್ಸನ್ ಸಭೆ ಕೂಡಿಸಿದರು. ಜನ 381 ದಿನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು. ಈ ಸಂಘವನ್ನೂ, ಈ 381 ದಿನಗಳನ್ನೂ ತೆಗೆದು ದಣಿದ ಹೆಂಗಸೊಬ್ಬಳನ್ನು ಮಾತ್ರ ಉಳಿಸಿದರೆ ಮಗು ಏನು ಕಲಿತಂತಾಯಿತು? ಅನ್ಯಾಯವು ಒಬ್ಬರ ಆಯಾಸದಿಂದ, ಒಂದು ಸಂಜೆಯಲ್ಲಿ, ತಾನಾಗಿ ಕಳಚಿ ಬೀಳುತ್ತದೆಂದು.

ನಮ್ಮ ಮಾತಿನ ತಿರುಳು ಇದೇ. ಮಹಾಪುರುಷನೊಬ್ಬನೇ ಎಲ್ಲವನ್ನೂ ಮಾಡಿದನೆಂದು ಓದಿ ಬೆಳೆದ ಮಗು, ದೊಡ್ಡವನಾದ ಮೇಲೆ ಇನ್ನೊಬ್ಬ ಮಹಾಪುರುಷನಿಗಾಗಿ ಕಾಯುತ್ತದೆ. ಸಂಘಕ್ಕೆ ಚಂದಾ ಕೊಡುವುದಿಲ್ಲ, ಸಭೆಗೆ ಬರುವುದಿಲ್ಲ, ಚುನಾವಣೆಯಲ್ಲಿ ಅವತಾರಪುರುಷನನ್ನು ಹುಡುಕುತ್ತದೆ. ನಾಯಕನ ತಪ್ಪನ್ನು ಕಂಡರೂ ಬಾಯಿಬಿಡಲು ಹೆದರುತ್ತದೆ. ಭಕ್ತಿಯ ಪಾಠ ಬಾಲ್ಯದಲ್ಲೇ ಆಗಿರುತ್ತದೆ.

ಮಕ್ಕಳಿಗೆ ಆದರ್ಶ ಬೇಡವೇ, ಎಳೆಯ ಮನಸ್ಸಿಗೆ ಎಲ್ಲವನ್ನೂ ಹೇಳಲಾದೀತೇ ಎಂದು ಉಪಾಧ್ಯಾಯ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಂಟು ವರ್ಷದ ಮಗುವಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಬಿಡುವುದು ಬೇರೆ, ತಿರುಚುವುದು ಬೇರೆ. ಚಿಕ್ಕ ಅಂಗಿ ಹೊಲಿಯುವಾಗ ದರ್ಜಿ ಬಟ್ಟೆಯನ್ನು ಕಡಿಮೆ ಮಾಡುತ್ತಾನೆಯೇ ಹೊರತು ಒಂದು ತೋಳನ್ನು ಬಿಡುವುದಿಲ್ಲ. ತಪ್ಪು ಮಾಡಿ, ತಿದ್ದಿಕೊಂಡು, ಹತ್ತು ಜನರನ್ನು ಕೂಡಿಸಿಕೊಂಡು ಕೆಲಸ ಮಾಡಿದವರ ಕಥೆಯೇ ಮಗುವಿಗೆ ನಿಜವಾದ ಆದರ್ಶ. ಏಕೆಂದರೆ ಅದನ್ನು ತಾನೂ ಅನುಸರಿಸಬಹುದು.

ಬೇರೆಯವರ ಕಡೆ ಬೆರಳು ತೋರುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. 1951ರ ಕಾಗೋಡು ಸತ್ಯಾಗ್ರಹವೆಂದರೆ ಸಮಾಜವಾದಿಗಳಾದ ನಮಗೆ ಹೆಮ್ಮೆ. ನಮ್ಮ ವೇದಿಕೆಗಳಲ್ಲಿ ಲೋಹಿಯಾ ಬಂದದ್ದು, ಬಂಧನಕ್ಕೊಳಗಾದದ್ದು, ಗೋಪಾಲಗೌಡರು ಮಾತಾಡಿದ್ದು ಮೊದಲು ಬರುತ್ತದೆ. ಅದಕ್ಕೂ ಮುಂಚೆ ಗೇಣಿದಾರರನ್ನು ಕೂಡಿಸಿದ ಗಣಪತಿಯಪ್ಪನವರ ಹೆಸರು ಆಮೇಲೆ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು, ಅದರಲ್ಲಿ ಅಳೆಯುವುದಿಲ್ಲ ಎಂದು ಎದ್ದುನಿಂತ ಗೇಣಿದಾರರ, ಅವರ ಮನೆಯ ಹೆಂಗಸರ ಹೆಸರುಗಳು ಎಷ್ಟು ಮಂದಿಗೆ ಗೊತ್ತು? ನಾಳೆ ನಮ್ಮವರು ಮಕ್ಕಳಿಗಾಗಿ ಈ ಚರಿತ್ರೆ ಬರೆದರೆ, ಕೊಳಗದಿಂದ ಆರಂಭಿಸಲಿ, ನಾಯಕರಿಂದಲ್ಲ.

ಇನ್ನು ಕೊಳ್ಳುವವರು ಮಾಡಬಹುದಾದ ಕೆಲಸ. ಅಂಗಡಿಯಲ್ಲಿ ನಿಂತೇ ಐದು ಪ್ರಶ್ನೆ ಕೇಳಬಹುದು. ಒಂದು, ಪುಸ್ತಕದಲ್ಲಿ ಇಸವಿ, ಊರು, ಹೆಸರುಗಳಿವೆಯೇ, ಇಲ್ಲವೇ "ಒಂದಾನೊಂದು ದಿನ" ಮಾತ್ರವೇ? ಎರಡು, ತಾಯಿ ಮಗನಿಗೆ ಗುಟ್ಟಾಗಿ ಹೇಳಿದ ಮಾತನ್ನು ಬರೆದಿದ್ದರೆ, ಅದನ್ನು ಕೇಳಿದವರು ಯಾರು? ಮೂರು, ಕೆಲಸದಲ್ಲಿ ಕೈ ಹಾಕಿದ ಇತರರು, ಅದರಲ್ಲೂ ಹೆಂಗಸರು ಮತ್ತು ಕೂಲಿಯವರು, ಕಾಣುತ್ತಾರೆಯೇ? ನಾಲ್ಕು, ನಾಯಕ ಒಮ್ಮೆಯಾದರೂ ತಪ್ಪುತ್ತಾನೆಯೇ, ಅವನನ್ನು ವಿರೋಧಿಸಿದವರ ಮಾತೂ ಇದೆಯೇ? ಐದು, ಚಿತ್ರಗಳಲ್ಲಿ ಒಳ್ಳೆಯವರೆಲ್ಲ ಬೆಳ್ಳಗೆ, ಕೆಟ್ಟವರೆಲ್ಲ ಕಪ್ಪಗೆ ಇದ್ದಾರೆಯೇ? ಅಕ್ಷರ ಬಾರದ ತಂದೆತಾಯಿಯೂ ಮಗುವಿನಿಂದ ನಾಲ್ಕು ಪುಟ ಓದಿಸಿ ಕೇಳಿದರೆ ಇಷ್ಟು ತಿಳಿಯುತ್ತದೆ.

ಇನ್ನೊಂದು ಹಕ್ಕಿನ ಮಾತು. 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಪ್ರಕಾರ ನಮ್ಮ ರಾಜ್ಯದಲ್ಲಿ ಕಟ್ಟಡದ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಎತ್ತುತ್ತಾರೆ. ಮಳಿಗೆಯ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಯ ದುಡ್ಡೂ ಅದರಲ್ಲಿದೆ. ಬಾಡಿಗೆ ಕೊಡುವ ಕೆಲಸಗಾರನ ದುಡ್ಡೂ ಇದೆ. ಹಾಗಾದರೆ ಮಕ್ಕಳ ಕಪಾಟಿಗೆ ಯಾವ ಪುಸ್ತಕ ಬಂತು, ಏಕೆ ಬಂತು ಎಂದು ಗ್ರಂಥಾಲಯಕ್ಕೆ ಹೋಗಿ ಕೇಳುವುದು ನಮ್ಮ ಹಕ್ಕು. ಇಂಥ ಪುಸ್ತಕ ಬೇಕೆಂದು ಬರೆದು ಕೊಡುವುದು ನಮ್ಮ ಕರ್ತವ್ಯ. ಓದುಗರು ಈ ಕೆಲಸವನ್ನು ಈ ತಿಂಗಳೇ ಆರಂಭಿಸಬೇಕೆಂದು ನಮ್ಮ ಅರಿಕೆ.

ಪುಸ್ತಕ ತಂದ ಬಂಧುವಿಗೆ ನಾವು ಹೇಳಿದ್ದು ಇಷ್ಟು: ಪುಸ್ತಕಗಳನ್ನು ಎಸೆಯಬೇಡಿ. ಮಗಳ ಜೊತೆ ಕೂತು ಇನ್ನೊಮ್ಮೆ ಓದಿ. ಯಾವುದು ನಿಜವೆಂದು ಕೇಳಿದ್ದಕ್ಕೆ ಅವಳನ್ನು ಮೆಚ್ಚಿಕೊಳ್ಳಿ. ಬೀದಿಗೆ ಆ ದೀಪ ಹಾಕಿದವರು ಯಾರು, ಅದಕ್ಕೆ ದಿನವೂ ಎಣ್ಣೆ ಹೊಯ್ದು ಹಚ್ಚಿದವರು ಯಾರು ಎಂದು ನೀವೂ ಅವಳನ್ನು ಕೇಳಿ.