ಸೂಟಿ ಇದೆ, ಪಗಾರ ಇಲ್ಲ

ಬೀದರ್ ಜಿಲ್ಲೆಯ ಚಳಿಗಾಲದ ಅತಿ ದೊಡ್ಡ ಸೂಟಿ ಸರ್ಕಾರದ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊತ್ತು ಏರುವ ಮೊದಲೇ ಬೀದರ್ ನಗರದ ಓಣಿಗಳು ಖಾಲಿಯಾಗುತ್ತವೆ. ಭಾಲ್ಕಿ, ಔರಾದ್ ಪಟ್ಟಣಗಳಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡ ಕುಟುಂಬಗಳು ಹೊಲದ ದಾರಿ ಹಿಡಿಯುತ್ತವೆ. ಬಿಳಿಜೋಳ ತೆನೆ ಕಟ್ಟುವ, ಕಡಲೆ ಕಾಯಿಗಟ್ಟುವ ಕಾಲ ಅದು. ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರೆಂದು ಐದು ಕಲ್ಲು ಇಟ್ಟು ಪೂಜಿಸಿ, ಬಸುರಿ ಭೂತಾಯಿಯ ಬಯಕೆ ತೀರಲೆಂದು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಬಂದ್‌ಗೆ ಯಾರೂ ಕರೆ ಕೊಟ್ಟಿರುವುದಿಲ್ಲ, ಆದರೂ ಬಂದ್ ದಿನಕ್ಕಿಂತ ಹೆಚ್ಚು ಮೌನ ಪೇಟೆಯಲ್ಲಿರುತ್ತದೆ. ಇಷ್ಟು ದೊಡ್ಡ ಜನಸಮುದಾಯ ತಾನಾಗಿಯೇ ಒಪ್ಪಿ ನಡೆಸಿಕೊಂಡು ಬಂದ ಈ ಸೂಟಿಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿದೆ ಎಂಬುದು ನನ್ನ ಪ್ರಶ್ನೆ. ಬಟ್ಟೆ ಅಂಗಡಿಯ ಮಾಲೀಕ ಒಂದು ದಿನದ ವ್ಯಾಪಾರವನ್ನು ಹಿಂದಿನ ದಿನವೋ ಮರುದಿನವೋ ತುಂಬಿಕೊಳ್ಳುತ್ತಾನೆ. ಸರ್ಕಾರಿ ನೌಕರ ಒಂದು ಸಾಂದರ್ಭಿಕ ರಜೆ ಹಾಕುತ್ತಾನೆ. ಅದೇ ಅಂಗಡಿಯಲ್ಲಿ ದಿನದ ಲೆಕ್ಕಕ್ಕೆ ದುಡಿಯುವ ಹುಡುಗನಿಗೆ ಮಾತ್ರ ಆ ದಿನದ ಕೂಲಿ ಇಲ್ಲ. ಬಾಗಿಲು ಹಾಕುವುದು ಬೇರೆ, ಪಗಾರದ ರಜೆ ಕೊಡುವುದು ಬೇರೆ. ನಮ್ಮಲ್ಲಿ ಮೊದಲನೆಯದು ರೂಢಿಯಾಗಿದೆ, ಎರಡನೆಯದು ಹಕ್ಕಾಗಿಲ್ಲ.

ಹೊಸ ಕಾನೂನೇನೂ ಇದಕ್ಕೆ ಬೇಕಿಲ್ಲ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯ 1963ರಲ್ಲೇ ಕಾಯ್ದೆ ಮಾಡಿದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಹೀಗೆ ಐದು ದಿನ ಕಡ್ಡಾಯ. ಅದರ ಮೇಲೆ ಇನ್ನೂ ಐದು ಹಬ್ಬದ ದಿನಗಳನ್ನು ಮಾಲೀಕರು ಮತ್ತು ಕಾರ್ಮಿಕರ ಜತೆ ಸಮಾಲೋಚಿಸಿ ಗೊತ್ತುಪಡಿಸಬೇಕು. ಹತ್ತೂ ದಿನಕ್ಕೆ ಪಗಾರ ಸಲ್ಲಬೇಕು. ಕಾರ್ಖಾನೆಗಷ್ಟೇ ಅನ್ವಯಿಸುವ ಕಾಯ್ದೆಯೆಂದು ಬಹಳ ಜನ ತಿಳಿದಿದ್ದಾರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಹಬ್ಬದ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜತೆಗೆ ಪಗಾರಸಹಿತ ಬದಲಿ ರಜೆ ಕೊಡಬೇಕು. ಇದರ ಜತೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ರಜೆ, ದುಡಿದ ಪ್ರತಿ 20 ದಿನಕ್ಕೊಂದು ಗಳಿಕೆ ರಜೆ ಕೊಡುತ್ತದೆ. ಕಾಗದದ ಮೇಲೆ ಇದು ಬಡ ವ್ಯವಸ್ಥೆಯಲ್ಲ. ಜಗತ್ತಿನ ಅತಿ ಶ್ರೀಮಂತ ದೇಶವಾದ ಅಮೆರಿಕದಲ್ಲಿ ಖಾಸಗಿ ಮಾಲೀಕ ಕ್ರಿಸ್‌ಮಸ್ ದಿನಕ್ಕೂ ಪಗಾರ ಕೊಡಲೇಬೇಕೆಂಬ ಒಕ್ಕೂಟದ ಕಾನೂನೇ ಇಲ್ಲ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕಚೇರಿ ಮುಚ್ಚುವ ಮಾಲೀಕ ಆ ದಿನಗಳನ್ನು ನೌಕರನ ವಾರ್ಷಿಕ ರಜೆಯಿಂದ ಕಳೆಯಬಹುದು, ಆದರೆ ಮೊದಲೇ ನೋಟಿಸ್ ಕೊಡಬೇಕು, ಪಗಾರ ತಪ್ಪಿಸುವಂತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ ಒಪ್ಪಂದ ಇನ್ನೂ ಮುಂದೆ ಹೋಗಿ, ಸಾರ್ವಜನಿಕ ರಜೆಗಳಷ್ಟೇ ಅಲ್ಲ, ರೂಢಿಯಿಂದ ಬಂದ ರಜೆಗಳನ್ನೂ ಕನಿಷ್ಠ ವಾರ್ಷಿಕ ರಜೆಯಲ್ಲಿ ಎಣಿಸಕೂಡದು ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಆದರೆ ರೂಢಿಯ ರಜೆ ಎಂಬ ಆ ಮಾತಿಗೆ ಎಳ್ಳ ಅಮಾವಾಸ್ಯೆಗಿಂತ ಸರಿಯಾದ ಉದಾಹರಣೆ ಹುಡುಕುವುದು ಕಷ್ಟ.

ಹಾಗಿದ್ದರೆ ತೊಡಕು ಎಲ್ಲಿದೆ? ಐದು ಹಬ್ಬಗಳನ್ನು ಆಯುವ ಕಡೆ ಇದೆ. ರಾಜ್ಯದ ಸಾರ್ವತ್ರಿಕ ರಜೆಗಳ ಪಟ್ಟಿ ಕಣ್ಣ ಮುಂದಿರುವಾಗ ಸಂಸ್ಥೆಗಳು ಅದರಿಂದಲೇ ಐದನ್ನು ಎತ್ತಿಕೊಳ್ಳುವುದು ಸಹಜ. ಆ ಪಟ್ಟಿ ತಯಾರಾಗುವುದು ಬೆಂಗಳೂರಿನಲ್ಲಿ. ಅಲ್ಲಿ ಮಹಾಲಯ ಅಮಾವಾಸ್ಯೆಗೆ ಸ್ಥಾನವಿದೆ, ಎಳ್ಳ ಅಮಾವಾಸ್ಯೆಗಿಲ್ಲ. ಹೀಗಾಗಿ ಇಲ್ಲಿನ ಕಾರ್ಮಿಕ ತನ್ನ ಊರಿನ ಪೇಟೆ ತೆರೆದೇ ಇರುವ ದಿನಗಳಲ್ಲಿ ಪಗಾರದ ರಜೆ ಪಡೆಯುತ್ತಾನೆ, ಇಡೀ ಊರು ಮುಚ್ಚಿರುವ ದಿನ ಪಗಾರವಿಲ್ಲದೆ ಕೂರುತ್ತಾನೆ. ಗಡಿ ದಾಟಿದರೆ ಚಿತ್ರ ಬೇರೆ. ಔರಾದ್ ತಾಲ್ಲೂಕಿನ ಮಗ್ಗುಲಿಗೇ ಮಹಾರಾಷ್ಟ್ರದ ಉದಗೀರ್ ಇದೆ, ಭಾಲ್ಕಿಯ ಆಚೆ ನಿಲಂಗಾ. ಎರಡೂ ಲಾತೂರ್ ಜಿಲ್ಲೆಯವು. ಅಲ್ಲಿ ಇದೇ ಹಬ್ಬಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. ಅದೇ ಭಜ್ಜಿ, ಅದೇ ಅಂಬಲಿ, ಅದೇ ದಂಟಿನ ಕೊಂಪೆ. ಲಾತೂರಿನ ಜಿಲ್ಲಾಧಿಕಾರಿ ತಮ್ಮ ಅಧಿಕಾರದಲ್ಲಿರುವ ಸ್ಥಳೀಯ ರಜೆಗಳಲ್ಲಿ ಒಂದನ್ನು ಇದಕ್ಕೆ ಕೊಡುತ್ತ ಬಂದಿದ್ದಾರೆ. ನಿಜಾಮನ ಕಾಲದಲ್ಲಿ ಒಂದೇ ಆಡಳಿತದ ಕೆಳಗಿದ್ದು, 1956ರಲ್ಲಿ ಬೇರೆ ಬೇರೆ ರಾಜ್ಯಕ್ಕೆ ಸೇರಿದ ಅಕ್ಕಪಕ್ಕದ ಹೊಲಗಳಲ್ಲಿ ಒಂದು ಕಡೆ ಹಬ್ಬಕ್ಕೆ ಸರ್ಕಾರದ ಮಾನ್ಯತೆ, ಇನ್ನೊಂದು ಕಡೆ ಬರೀ ರೂಢಿ.

ಕರ್ನಾಟಕದಲ್ಲಿ ಜಿಲ್ಲೆಗೊಂದು ರಜೆ ಕೊಡುವ ಪದ್ಧತಿ ಇಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಕೊಡಗನ್ನು ತೋರಿಸಬೇಕು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೂ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಎಂದು ರಾಜ್ಯದ ವಾರ್ಷಿಕ ರಜೆ ಆದೇಶದಲ್ಲೇ ಬರೆದಿರುತ್ತದೆ. ಹುತ್ತರಿ ಏನು? ಚಳಿಗಾಲದಲ್ಲಿ ಹೊಸ ಕದಿರು ಮನೆಗೆ ತರುವ ಬೆಳೆಹಬ್ಬ. ಎಳ್ಳ ಅಮಾವಾಸ್ಯೆ ಏನು? ಚಳಿಗಾಲದಲ್ಲಿ ಹೊಲಕ್ಕೇ ಹೋಗಿ ಉಣ್ಣುವ ಬೆಳೆಹಬ್ಬ. ಕಾವೇರಿಯ ಮೂಲದಲ್ಲಿ ನ್ಯಾಯವೆನಿಸಿದ್ದು ಮಾಂಜ್ರಾ ದಂಡೆಯಲ್ಲಿ ಅತಿಯಾಸೆ ಎನಿಸಬಾರದು. ಕೊಡಗಿನ ಜನ ಪಡೆದದ್ದನ್ನು ಕಸಿಯಬೇಕೆಂದು ಈ ಮಾತಲ್ಲ. ಅವರು ತೆರೆದ ಬಾಗಿಲಿನಲ್ಲಿ ನಾವೂ ಒಳಗೆ ಹೋಗಬಹುದು ಎಂದಷ್ಟೆ.

ತಿಥಿಯ ಹಬ್ಬ, ತಾರೀಖು ಒಂದು ಕಡೆ ನಿಲ್ಲುವುದಿಲ್ಲ ಎಂಬುದು ಆಡಳಿತದವರು ಎತ್ತಬಹುದಾದ ಆಕ್ಷೇಪ. ಅದರಲ್ಲಿ ಹುರುಳಿದೆ, ತುಸು ನಿಧಾನಿಸಿ ನೋಡಬೇಕು. ಮಾರ್ಗಶಿರದ ಅಮಾವಾಸ್ಯೆ ಇಂಗ್ಲಿಷ್ ವರ್ಷದ ಸಂಧಿಯಲ್ಲಿ ಬೀಳುವುದರಿಂದ ಒಮ್ಮೊಮ್ಮೆ ವಿಚಿತ್ರವಾಗುತ್ತದೆ. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು. 2025ರಲ್ಲಿ ಡಿಸೆಂಬರ್ 19. 2026ರಲ್ಲಿ ಅಧಿಕ ಜ್ಯೇಷ್ಠ ಸೇರುವುದರಿಂದ ಆ ವರ್ಷದಲ್ಲಿ ಎಳ್ಳ ಅಮಾವಾಸ್ಯೆಯೇ ಇಲ್ಲ. ಅದು 2027ರ ಜನವರಿ 7ಕ್ಕೆ ಜಾರುತ್ತದೆ, ಅದೇ ವರ್ಷ ಡಿಸೆಂಬರ್ 27ಕ್ಕೆ ಮತ್ತೆ ಬರುತ್ತದೆ. ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ಐದು ಹಬ್ಬ ಆಯುವವರಿಗೆ ಇದು ಗೊಂದಲ ತರಬಹುದು. ಆದರೆ ಹುತ್ತರಿಯ ದಿನವೂ ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿಯೇ ನಿಗದಿಯಾಗುತ್ತದೆ, ರಂಜಾನ್ ಚಂದ್ರದರ್ಶನದ ಮೇಲೆ ನಿಂತಿದೆ. ಪಂಚಾಂಗ ಮೊದಲೇ ಕೈಯಲ್ಲಿರುವುದರಿಂದ ಎಳ್ಳ ಅಮಾವಾಸ್ಯೆಯ ದಿನವೂ ಸಾಕಷ್ಟು ಮುಂಚಿತವಾಗಿ ಗೊತ್ತಾಗುತ್ತದೆ. ಎರಡು ಸಲ ಬರುವ ವರ್ಷ ಬೇರೊಂದು ಹಬ್ಬ ಬಿಡಬೇಕು, ಬಾರದ ವರ್ಷ ಆ ಜಾಗಕ್ಕೆ ಬೇರೊಂದನ್ನು ಸೇರಿಸಬೇಕು.

ರಜೆಗಳೇ ಹೆಚ್ಚಾಗಿವೆ, ಇನ್ನೂ ಒಂದೇಕೆ ಎನ್ನುವವರಿದ್ದಾರೆ. ಅವರ ಅಸಮಾಧಾನ ಸರ್ಕಾರಿ ಕಚೇರಿಗಳ ಮೇಲೆ, ಅದು ನನಗೆ ಅರ್ಥವಾಗುತ್ತದೆ. ನಾಲ್ಕನೇ ಶನಿವಾರವನ್ನೂ ರಜೆ ಮಾಡಿದ 2019ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಅಂದರೆ ಒಂದನ್ನು ಕೊಟ್ಟು ಒಂದನ್ನು ಹಿಂಪಡೆಯುವ ದಾರಿ ಸರ್ಕಾರಕ್ಕೆ ಗೊತ್ತಿದೆ. ಶಾಲೆಗಳಲ್ಲಿಯೂ ಹಾಗೆಯೇ: ಕ್ರಿಸ್‌ಮಸ್ ರಜೆ ಬೇಕೆಂದು ಕೇಳುವ ಸಂಸ್ಥೆಗಳು ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಂಡು ಸರಿದೂಗಿಸಲು ಶಿಕ್ಷಣ ಇಲಾಖೆ ಅವಕಾಶ ಕೊಡುತ್ತದೆ. ನಾನು ಕೇಳುತ್ತಿರುವುದೂ ಅದಲು ಬದಲು. ಖಾಸಗಿ ವಲಯದ ಕಾರ್ಮಿಕನ ಹತ್ತು ದಿನ ಹನ್ನೊಂದಾಗಬೇಕಿಲ್ಲ. ಆ ಹತ್ತರಲ್ಲಿ ಒಂದು, ಅವನ ಮನೆಮಂದಿಯೆಲ್ಲ ಹೊಲದಲ್ಲಿ ಕೂಡಿ ಉಣ್ಣುವ ದಿನವಾಗಲಿ.

ಸಣ್ಣ ವ್ಯಾಪಾರಿಯ ಕಷ್ಟ ಇದಕ್ಕಿಂತ ನಿಜವಾದ ಆಕ್ಷೇಪ. ಇಬ್ಬರು ಮೂವರನ್ನು ಇಟ್ಟುಕೊಂಡು ಕಿರಾಣಿ ಅಂಗಡಿ ನಡೆಸುವವನ ಲಾಭ ತೆಳ್ಳಗಿರುತ್ತದೆ, ಆನ್‌ಲೈನ್ ವ್ಯಾಪಾರ ಅದನ್ನು ಇನ್ನೂ ತೆಳುವಾಗಿಸಿದೆ. ಆದರೂ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 13,000 ರೂಪಾಯಿ ಪಗಾರ ಎಂದಿಟ್ಟುಕೊಂಡರೆ, 26 ದಿನದ ಲೆಕ್ಕದಲ್ಲಿ ದಿನಕ್ಕೆ 500 ರೂಪಾಯಿ. ಮೂವರಿಗೆ ವರ್ಷಕ್ಕೊಮ್ಮೆ 1,500. ಅಂಗಡಿ ಹೇಗೂ ಮುಚ್ಚಿರುತ್ತದೆ, ಆದ್ದರಿಂದ ವ್ಯಾಪಾರದ ನಷ್ಟವನ್ನು ಈ ರಜೆಯ ಖಾತೆಗೆ ಬರೆಯುವಂತಿಲ್ಲ. ಮಾಲೀಕನಿಗೆ ಈ ಮೊತ್ತ ಹಬ್ಬದ ಬುತ್ತಿಯ ಖರ್ಚಿಗೆ ಸಮ. ಕೆಲಸದವನಿಗೆ ತನ್ನ ಪಾಲಿನ 500 ಮೂರ್ನಾಲ್ಕು ದಿನದ ಸಂತೆ. ಐದು ಹಬ್ಬಗಳಲ್ಲಿ ಇದನ್ನೇ ಒಂದಾಗಿ ಆಯ್ದುಕೊಂಡರಂತೂ ಮಾಲೀಕನಿಗೆ ಉಳಿತಾಯವೇ ಇದೆ: ಪೇಟೆ ತುಂಬಿ ತುಳುಕುವ ಇನ್ನೊಂದು ದಿನ ಅಂಗಡಿ ತೆರೆದಿಡಬಹುದು.

ಸಕ್ಕರೆ ಕಾರ್ಖಾನೆಯ ಮಾತು ಬೇರೆ. ಈ ಜಿಲ್ಲೆಯ ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮೇ ಚಳಿಗಾಲ. ಕಡಿದ ಕಬ್ಬು ಒಣಗಿದರೆ ತೂಕವೂ ಇಳುವರಿಯೂ ಇಳಿಯುತ್ತವೆ, ನಷ್ಟ ರೈತನಿಗೇ. ಬಾಯ್ಲರ್ ಒಮ್ಮೆ ಆರಿಸಿ ಮತ್ತೆ ಹೊತ್ತಿಸುವುದು ಅಂಗಡಿಯ ಶಟರ್ ಎಳೆದಷ್ಟು ಸುಲಭವಲ್ಲ. ಆಸ್ಪತ್ರೆ, ವಿದ್ಯುತ್, ನೀರು, ಬಸ್ಸು ಇವೂ ನಿಲ್ಲಲಾರವು. ಹಬ್ಬದ ದಿನ ಬಸ್ಸಿಗೆ ಜನ ಹೆಚ್ಚು. ಇಂಥ ಕಡೆಗಳಲ್ಲಿ ಬೀಗ ಹಾಕಿ ಎಂದು ಯಾರೂ ಕೇಳುವುದಿಲ್ಲ. ಎರಡು ಪಟ್ಟು ಕೂಲಿ ಅಥವಾ ಬದಲಿ ರಜೆ ಎಂಬ ನಿಯಮ ನಿಲ್ಲಿಸಲಾಗದ ಕೆಲಸಗಳಿಗೆ ಸರಿಹೊಂದುತ್ತದೆ. ಪಾಳಿಯಲ್ಲಿ ನಿಂತ ಕಾರ್ಮಿಕ ಆ ದಿನ ಹೊಲಕ್ಕೆ ಹೋಗಲಾರ, ಆದರೆ ಅವನು ಬಿಟ್ಟುಕೊಟ್ಟದ್ದು ಬೆಲೆಯುಳ್ಳ ದಿನವೆಂದು ಅವನ ಪಗಾರ ಚೀಟಿ ಹೇಳಬೇಕು. ಇಂದು ಅದು ಹೇಳುವುದಿಲ್ಲ. ಪಟ್ಟಿಯಲ್ಲಿಲ್ಲದ ಹಬ್ಬಕ್ಕೆ ಎರಡು ಪಟ್ಟು ಕೇಳುವುದು ಹೇಗೆ?

ಒಂದು ಧರ್ಮದವರ ಹಬ್ಬವನ್ನು ಎಲ್ಲರ ಮೇಲೆ ಹೇರಿದಂತಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೀದರ್ ಹಲವು ಧರ್ಮಗಳ ನೆಲ. ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನಿಂದ ಹಿಡಿದು ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳವರೆಗೆ ಕ್ರೈಸ್ತ ಕುಟುಂಬಗಳಿವೆ, ಅವುಗಳಿಗೆ ಡಿಸೆಂಬರ್ ಎಂದರೆ ಕ್ರಿಸ್‌ಮಸ್. ಡಿಸೆಂಬರ್ 25 ಸಾರ್ವತ್ರಿಕ ರಜೆ ಹೌದು, ಬ್ಯಾಂಕು, ಕಚೇರಿ, ಶಾಲೆಗಳಿಗೆ. ಅಂದು ಪೇಟೆ ತೆರೆದೇ ಇರುತ್ತದೆ. ಅಂಗಡಿಯಲ್ಲಿ ದುಡಿಯುವ ಕ್ರೈಸ್ತ ಹೆಣ್ಣುಮಗಳು ಚರ್ಚಿಗೆ ಹೋಗಬೇಕೆಂದರೆ ಆಕೆಯ ಸಂಸ್ಥೆ ಆಯ್ದ ಐದು ಹಬ್ಬಗಳಲ್ಲಿ ಕ್ರಿಸ್‌ಮಸ್ ಇರಬೇಕು, ಇಲ್ಲವಾದರೆ ಅಂದಿನ ಪಗಾರ ಹೋಗುತ್ತದೆ. ಅಂದರೆ ಎಳ್ಳ ಅಮಾವಾಸ್ಯೆಯ ದಿನ ಮುಚ್ಚಿದ ಅಂಗಡಿಯ ಕೂಲಿಕಾರನೂ ಕ್ರಿಸ್‌ಮಸ್ ದಿನ ತೆರೆದ ಅಂಗಡಿಯ ಕ್ರೈಸ್ತ ಕೆಲಸಗಾರ್ತಿಯೂ ಅನುಭವಿಸುವ ನಷ್ಟ ಒಂದೇ. ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು ತಪ್ಪು. ಸರ್ಕಾರಿ ನೌಕರನಿಗೆ ತನಗೆ ಬೇಕಾದ ಎರಡು ಪರಿಮಿತ ರಜೆ ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆ. ಐದು ಹಬ್ಬದ ರಜೆಗಳಲ್ಲಿ ಒಂದನ್ನು ಊರಿನ ರೂಢಿಗೆ, ಇನ್ನೊಂದನ್ನು ಕಾರ್ಮಿಕನ ಸ್ವಂತ ಆಯ್ಕೆಗೆ ಬಿಡುವಂತೆ ಕಾಯ್ದೆಯನ್ನು ತಿದ್ದಿದರೆ ಕ್ರಿಸ್‌ಮಸ್, ಬಕ್ರೀದ್, ಗುರು ಗೋವಿಂದ ಸಿಂಗ್ ಜಯಂತಿ ಎಲ್ಲಕ್ಕೂ ಜಾಗವಾಗುತ್ತದೆ. ತಿದ್ದುಪಡಿ ರಾಜ್ಯದ ಶಾಸನಸಭೆಯ ಕೈಯಲ್ಲೇ ಇದೆ.

ಇಷ್ಟೆಲ್ಲ ಆದಮೇಲೂ ಈ ಹಕ್ಕು ಮುಟ್ಟದ ಜನರಿದ್ದಾರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಬೀದರ್‌ನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಚೀಲದ ಲೆಕ್ಕಕ್ಕೆ ದುಡಿಯುವ ಹಮಾಲ, ತುಣುಕಿನ ಲೆಕ್ಕಕ್ಕೆ ಬಿದರಿ ಪಾತ್ರೆಗೆ ಬೆಳ್ಳಿ ತಂತಿ ಕೂರಿಸುವ ಕುಶಲಕರ್ಮಿ, ಟನ್ನಿನ ಲೆಕ್ಕಕ್ಕೆ ಕಬ್ಬು ಕಡಿಯುವ ದಂಪತಿ, ಇವರಿಗೆ ಮಾಲೀಕ ಯಾರು, ಹಾಜರಿ ಪುಸ್ತಕ ಎಲ್ಲಿ? ಇವರಲ್ಲಿ ಬಹಳ ಜನರಿಗೆ ಸ್ವಂತ ಹೊಲವಿಲ್ಲ. ಚರಗ ಚೆಲ್ಲುವುದು ಇನ್ನೊಬ್ಬರ ಬದುವಿನ ಒಳಗೆ. ಬೆಂಗಳೂರು, ಹೈದರಾಬಾದ್‌ಗಳ ದೊಡ್ಡ ಕಂಪನಿಗಳಲ್ಲಿ ಕೆಲಸದಲ್ಲಿರುವ ಬೀದರ್‌ನ ಯುವಕರಲ್ಲಿ ಕೆಲವರು ವರ್ಷದ ಕೊನೆಯ ವಾರ ಪಗಾರಸಹಿತ ರಜೆಯಲ್ಲಿ ರೈಲು ಹತ್ತಿ ಊರಿಗೆ ಬರುವಾಗ, ಅದೇ ಊರಿನ ಹಮಾಲ ಒಂದು ದಿನ ವಿರಮಿಸಿದರೆ ಸಂಜೆಯ ಅಕ್ಕಿಗೆ ಸಾಲ ಮಾಡಬೇಕಾಗುತ್ತದೆ. ಹಬ್ಬದ ರಜೆಗಳ ಕಾಯ್ದೆಯೊಂದರಿಂದಲೇ ಇದಕ್ಕೆ ಪರಿಹಾರ ಸಿಗದು. ಎಪಿಎಂಸಿ ಹಮಾಲಿ ದರ ನಿಗದಿಪಡಿಸುವಾಗ, ಸಕ್ಕರೆ ಕಾರ್ಖಾನೆ ಕಟಾವು ಕೂಲಿ ಗೊತ್ತುಮಾಡುವಾಗ ಹಬ್ಬದ ರಜೆಯ ಪಾಲನ್ನು ದರದೊಳಗೇ ಸೇರಿಸಿ, ಆ ಹಣವನ್ನು ಹಬ್ಬದ ಮುನ್ನಾದಿನ ಕೊಡುವ ವ್ಯವಸ್ಥೆ ಮಾಡಬಹುದು. ದಾರಿ ದೂರವಿದೆ, ಆದರೆ ಕಾಯಂ ಪಗಾರದವರ ಹಕ್ಕು ಮೊದಲು ಗಟ್ಟಿಯಾಗದೆ ಹಮಾಲನ ಹಕ್ಕಿನ ಮಾತು ಯಾರ ಕಿವಿಗೂ ಬೀಳದು.

ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿ ವರ್ತಕರ ಸಂಘಗಳನ್ನೂ ಕಾರ್ಮಿಕರ ಸಂಘಗಳನ್ನೂ ಕೂರಿಸಿ ಐದು ಹಬ್ಬಗಳ ಆಯ್ಕೆಯನ್ನು ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಬಹಿರಂಗವಾಗಿ ನಡೆಸಲಿ. ಆಯ್ದ ದಿನಗಳ ಪಟ್ಟಿ ಪ್ರತಿ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿರಲಿ, ಬೇಕಾದ ಕಡೆ ಮರಾಠಿ, ಉರ್ದುವಿನಲ್ಲೂ ಇರಲಿ. ಜಿಲ್ಲೆಯ ಶಾಸಕರು ಕೊಡಗಿನ ಸಾಲಿನ ಕೆಳಗೆ ಬೀದರ್‌ನ ಸಾಲನ್ನು ಬರೆಸಲಿ. 2027ರ ರಜೆ ಪಟ್ಟಿ ಅದರ ಹಿಂದಿನ ನವೆಂಬರ್ ಹೊತ್ತಿಗೆ ಸಿದ್ಧವಾಗುತ್ತದೆ. ಆ ವರ್ಷದ ಮೊದಲ ಎಳ್ಳ ಅಮಾವಾಸ್ಯೆ ಬೀಳುವ ಜನವರಿ 7 ಗುರುವಾರ.